ಹೂಗ್ಯಂ ಎಂದು ಹುಡುಕಿದರೆ ಸಿಗಬೇಕು

ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಹೂಗ್ಯಂ ಈಗ ಹನೂರು ತಾಲ್ಲೂಕಿನ ಊರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಊರಿದ್ದ ಕೊಳ್ಳೇಗಾಲ ಸೀಮೆ ಇಂಗ್ಲಿಷರ ಕೈಸೇರಿ, ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ಹೊಲ ಇದ್ದಲ್ಲೇ ಇತ್ತು, ಅದರ ಕಾಗದಪತ್ರ ಮಾತ್ರ ಕಚೇರಿಯಿಂದ ಕಚೇರಿಗೆ ಸಾಗಿತು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ಗ್ರಾಮಲೆಕ್ಕಿಗರ ಕೈಬರಹವನ್ನು ಒಬ್ಬರು ಓದಿ ಇನ್ನೊಂದು ರೂಪದಲ್ಲಿ ಬರೆಯಬೇಕಾಯಿತು. ಆ ಬದಲಾವಣೆ ಎಲ್ಲರ ಕಣ್ಣಿಗೂ ಬಿತ್ತು. ಅದರ ನಂತರದ್ದು, ಅಂದರೆ ಹಳೆಯ ಕನ್ನಡ ಫಾಂಟಿನ ಕಡತಗಳನ್ನು ಎಲ್ಲೆಡೆ ಒಂದೇ ಆಗಿರುವ ಅಕ್ಷರಸಂಕೇತವಾದ ಯುನಿಕೋಡ್‌ಗೆ ತರುವ ಕೆಲಸ, ಸದ್ದಿಲ್ಲದೆ ನಡೆಯುತ್ತಿದೆ. ಯಂತ್ರದ ಕೆಲಸವೆಂದು ಅದನ್ನು ಯಂತ್ರಕ್ಕೇ ಬಿಟ್ಟಿದ್ದೇವೆ. ನನ್ನ ವಾದ ಇಷ್ಟೇ: ಇದೂ ಓದಿ ಬರೆಯುವ ಕೆಲಸವೇ, ಊರನ್ನು ಬಲ್ಲವರ ಕಣ್ಣು ಇದಕ್ಕೂ ಬೇಕು.

ತೊಡಕು ಎಲ್ಲಿಂದ ಬಂತೆಂದು ನೋಡಬೇಕು. ಹಳೆಯ ಕಂಪ್ಯೂಟರುಗಳಲ್ಲಿ ಒಂದು ಫಾಂಟಿಗೆ ಇದ್ದದ್ದು 256 ಸ್ಥಾನ, ಅವೂ ಇಂಗ್ಲಿಷಿಗಾಗಿ ಮಾಡಿದವು. ಕನ್ನಡದ ಎಲ್ಲ ಗುಣಿತಾಕ್ಷರ, ಒತ್ತಕ್ಷರಗಳಿಗೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಅಕ್ಷರವನ್ನು ತುಂಡು ಮಾಡಿ, ತಲೆಕಟ್ಟಿಗೊಂದು, ಒತ್ತಿಗೊಂದು, ದೀರ್ಘಕ್ಕೊಂದು ಸ್ಥಾನ ಕೊಟ್ಟರು. ಇಕ್ಕಟ್ಟಿನಲ್ಲಿ ಕಂಡುಕೊಂಡ ಈ ದಾರಿಯಲ್ಲೇ ಕನ್ನಡದ ಅಚ್ಚುಕೆಲಸ ದಶಕಗಳ ಕಾಲ ನಡೆಯಿತು; ಅದನ್ನು ಕಟ್ಟಿದವರ ಜಾಣ್ಮೆಗೆ ನಾವು ಋಣಿಗಳು. ಆದರೆ ಶ್ರೀಲಿಪಿ, ಪ್ರಕಾಶಕ್, ಬರಹ ಎಂದು ಬೇರೆಬೇರೆ ತಂತ್ರಾಂಶಗಳು ಬಂದವು, ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆಯುವುದೇ ಕಷ್ಟವಾಯಿತು. ಸರ್ಕಾರ ಏಕರೂಪದ ಸಂಕೇತ ನಿಗದಿ ಮಾಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕಚೇರಿಗಳನ್ನು ತುಂಬಿತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಮೂಡುತ್ತಲೂ ಇತ್ತು. ಆದರೂ ಡಿಟಿಪಿ ಅಂಗಡಿಗಳು ನಂಬಿದ್ದ ಪೇಜ್‌ಮೇಕರ್‌ಗೆ ಅದು ಕೊನೆಯವರೆಗೂ ಒಗ್ಗಲಿಲ್ಲ. ಹಳೆಯ ರೂಪದ ಕಡತಗಳು ಬೆಳೆಯುತ್ತಲೇ ಹೋದವು.

ಹೂಗ್ಯಂ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನುಡಿಯ ಕಡತದಲ್ಲಿ ಗಕಾರದ ತುಂಡುಗಳಾದ ಮೇಲೆ ಯ-ಒತ್ತಿನ ಆಕಾರ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಒತ್ತಿಗೆ ಬೇರೆ ಸಂಕೇತವಿಲ್ಲ. ಗ, ಅದರ ಸ್ವರ ತೆಗೆಯುವ ಚಿಹ್ನೆ, ಆಮೇಲೆ ಯ ಬರಬೇಕು. ಅರ್ಕಾವೊತ್ತಿನದು ಇನ್ನೂ ತಿರುವುಮುರುವು. ‘ಕರ್ನಾಟಕ’ದಲ್ಲಿ ಕಣ್ಣಿಗೆ ನಾ ಆದ ಮೇಲೆ ಕಾಣುವ ರೇಫವನ್ನು ನುಡಿ ಹಾಗೆಯೇ ನಾ ಆದ ಮೇಲೆ ಇಡುತ್ತದೆ. ಯುನಿಕೋಡ್ ಉಚ್ಚಾರದ ಕ್ರಮ ಹಿಡಿದು ರಕಾರವನ್ನು ಮುಂದಕ್ಕೆ ತರುತ್ತದೆ. ಕಡತದ ನಡುವೆ ಇಂಗ್ಲಿಷ್ ಪದವಿದ್ದರೆ ಅದರ ಅಕ್ಷರಗಳೂ ಅದೇ ಸ್ಥಾನಗಳಲ್ಲಿ ಇರುತ್ತವೆ. ಯಾವ ಸಾಲು ಯಾವ ಫಾಂಟಿನದೆಂಬ ಗುರುತು ಕಳೆದರೆ, ಇಂಗ್ಲಿಷ್ ಹೆಸರು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತದೆ.

ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ನಿಮಿಷದ ಕೆಲಸಕ್ಕೆ ಇಷ್ಟು ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅವು ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ, ಒಪ್ಪಿದೆ. ಆದರೆ ತಪ್ಪು ಉಳಿಯುವುದು ಅಪರೂಪದ ಒತ್ತು, ಸೋಲಿಗರ ಪೋಡಿನ (ಹಾಡಿಯ) ಹೆಸರು, ಸರ್ವೆ ನಂಬರಿನ ಪಕ್ಕದ ಅಕ್ಷರ ಇಂಥ ಕಡೆ. ಪದಕೋಶದಲ್ಲಿಲ್ಲದ ಊರಹೆಸರನ್ನು ತಪ್ಪೋ ಸರಿಯೋ ಎಂದು ಹೇಳಬಲ್ಲವರು ಆ ಊರಿನವರು ಮಾತ್ರ. ಮುದ್ರಿತ ಪ್ರತಿಯೋ ಪಿಡಿಎಫೋ ಇದ್ದರೆ ಸಾಲದೇ ಎಂಬುದು ಇನ್ನೊಂದು ಮಾತು. ಓದಲು ಸಾಕು, ಹುಡುಕಲು ಸಾಲದು. ಹಳೆಯ ಫಾಂಟ್ ಇರುವ ಕಂಪ್ಯೂಟರಿನಲ್ಲಿ ನುಡಿ ಕಡತ ಚೆನ್ನಾಗಿಯೇ ಕಾಣುತ್ತದೆ. ಆದರೆ ಯುನಿಕೋಡ್‌ನಲ್ಲಿ ‘ಹೂಗ್ಯಂ’ ಎಂದು ಟೈಪಿಸಿ ಹುಡುಕಿದರೆ ಒಂದೂ ಸಿಗುವುದಿಲ್ಲ. ಪಿಡಿಎಫ್‌ನಿಂದ ನಕಲು ಮಾಡಿದರೆ ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಹುಡುಕಿದವರಿಗೆ ಸಿಗದ ದಾಖಲೆ ಇದ್ದೂ ಇಲ್ಲದಂತೆ.

ಆದ್ದರಿಂದ ಹಳೆಯ ಕಡತಗಳಿರುವ ಪಂಚಾಯಿತಿ, ಸಹಕಾರ ಸಂಘ, ಮುದ್ರಣಾಲಯ, ಮನೆಗಳವರಲ್ಲಿ ಒಂದು ಕೋರಿಕೆ. ಪರಿವರ್ತಿಸಿದೊಡನೆ ಮೂಲ ಕಡತವನ್ನು ಅಳಿಸಬೇಡಿ, ಅದರ ಫಾಂಟನ್ನೂ ಜೊತೆಗಿಡಿ. ಹೊಸ ಪ್ರತಿಯನ್ನು ಊರಿನ ಹೆಸರು, ಮನೆತನ, ಗದ್ದೆ ಹೊಲಗಳನ್ನು ಬಲ್ಲ ಹಿರಿಯರೊಬ್ಬರಿಂದ ಒಮ್ಮೆ ಓದಿಸಿ.