ರವಿಕೆ ಕೊಟ್ಟದ್ದು ಶಾಲೆ, ಮೇಲುದ ಹೊದ್ದದ್ದು ಹೆಣ್ಣು

ಶಾಲೆಯ ಬಟ್ಟೆಗೆ ನಾವು ಸಮವಸ್ತ್ರ ಅಂತೀವಿ. ಯಾರು ಯಾರಿಗೆ ಸಮ ಅಂತ ಮಾತ್ರ ಕೇಳೋದಿಲ್ಲ.

ನಮ್ಮಕ್ಕನನ್ನು ಅಪ್ಪ ಕೂಲಿ ದುಡ್ಡು ಕೂಡಿಸಿ ತಾಲ್ಲೂಕಿನ ಒಂದು ಕಾನ್ವೆಂಟಿಗೆ ಸೇರಿಸಿದ್ದ. ನೀಲಿ ಲಂಗ, ಬಿಳಿ ಅಂಗಿ, ಎರಡು ಜಡೆ, ಕೆಂಪು ಟೇಪು. ಅದನ್ನು ಹಾಕಿಕೊಂಡು ಅಕ್ಕ ಕೇರಿಯಿಂದ ಬಸ್‌ಸ್ಟ್ಯಾಂಡಿಗೆ ನಡೆದರೆ ಗೌಡರ ಜಗಲಿಯ ಮೇಲೆ ಕುಂತವರೂ ತಿರುಗಿ ನೋಡೋರು. ಅವ್ವನಿಗೆ ಅದೇ ಹಬ್ಬ. ಒಂದು ದಿನ ಓಟದ ಪಂದ್ಯ ಅಂತ ಅಕ್ಕ ಅಣ್ಣನ ಚಡ್ಡಿ ಹಾಕಿಕೊಂಡು ಹೋದಳು. 'ಹುಡುಗಿ ಹುಡುಗಿ ಥರ ಇರಬೇಕು' ಅಂತ ಸಿಸ್ಟರು ಬಿಸಿಲಲ್ಲಿ ನಿಲ್ಲಿಸಿದರು. ಹಣೆಗೆ ಬೊಟ್ಟಿಟ್ಟುಕೊಂಡು ಬಂದಿದ್ದ ಒಬ್ಬ ಹುಡುಗನೂ ಪಕ್ಕದಲ್ಲೇ ನಿಂತಿದ್ದನಂತೆ. ಊರಲ್ಲಿ ತಲೆ ಎತ್ತಿಸಿದ ಬಟ್ಟೆಯೇ ಶಾಲೆಯಲ್ಲಿ ತಲೆ ತಗ್ಗಿಸಿತು.

ಇದು ಹೇಗೆ? ಈ ಗಂಟು ಬಿಚ್ಚಬೇಕಾದರೆ ಇನ್ನೂರು ವರ್ಷ ಹಿಂದಕ್ಕೆ, ತಿರುವಾಂಕೂರಿಗೆ ಹೋಗಬೇಕು. ಕ್ರೈಸ್ತ ಶಾಲೆ, ಹೆಣ್ಣುಮಗು, ಬಟ್ಟೆ ಈ ಮೂರೂ ಎದುರುಬದುರಾಗಿ ನಿಂತ ನೆಲ ಅದು.

ಇಂದಿನ ಕನ್ಯಾಕುಮಾರಿ ಜಿಲ್ಲೆ ಆಗ ತಿರುವಾಂಕೂರು ಸಂಸ್ಥಾನದ ದಕ್ಷಿಣದ ತುದಿ. ಅಲ್ಲಿ ತಾಳೆಮರ ಏರಿ ಬದುಕುತ್ತಿದ್ದವರು ನಾಡಾರರು. ಶಾನಾರರು ಅಂತ ಮೇಲ್ಜಾತಿಯವರು ಅವರನ್ನು ಕರೆಯುತ್ತಿದ್ದರು. ಅವರು ಕೊಡೆ ಹಿಡಿಯುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ, ಚಿನ್ನ ತೊಡುವಂತಿಲ್ಲ. ಹೆಂಗಸರು ನೀರಿನ ಕೊಡವನ್ನು ಸೊಂಟದ ಮೇಲೆ ಇಡುವಂತಿಲ್ಲ. ಗಂಡಾಗಲಿ ಹೆಣ್ಣಾಗಲಿ ಸೊಂಟದ ಮೇಲೆ, ಮೊಣಕಾಲಿನ ಕೆಳಗೆ ಬಟ್ಟೆ ಇರಕೂಡದು. ಇದನ್ನು ಬರೀ ಮಾನದ ಪ್ರಶ್ನೆ ಅಂತ ತಿಳಿದರೆ ತಪ್ಪಾದೀತು. ಮೇಲಿನವನ ಎದುರು ಕೆಳಗಿನವನು ಎದೆ ತೆರೆಯಬೇಕು ಅನ್ನೋದು ಅಲ್ಲಿನ ಜಾತಿಶಾಹಿಯ ಕಟ್ಟಳೆ. ಬ್ರಾಹ್ಮಣನ ಎದುರು ನಾಯರ್ ಹೆಂಗಸೂ ಮೇಲಿನ ಬಟ್ಟೆ ಸರಿಸಬೇಕಿತ್ತು. ಬಟ್ಟೆ ಅಂದರೆ ಮೆಟ್ಟಿಲು. ಯಾರ ಮೈಮೇಲೆ ಎಷ್ಟು ಬಟ್ಟೆ ಅನ್ನೋದು ಅವರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಹೇಳುತ್ತಿತ್ತು.

1806ರಲ್ಲಿ ಲಂಡನ್ ಮಿಷನ್ನಿನ ರಿಂಗಲ್‌ತೌಬೆ ಈ ಸೀಮೆಗೆ ಬಂದರು. 1818ರಲ್ಲಿ ಚಾರ್ಲ್ಸ್ ಮೀಡ್, 1819ರಲ್ಲಿ ಮಾಲ್ಟ್ ದಂಪತಿ ನಾಗರಕೋಯಿಲಿಗೆ ಬಂದರು. 1820ರ ಆಸುಪಾಸಿನಲ್ಲಿ ಹೆಣ್ಣುಮಕ್ಕಳ ವಸತಿ ಶಾಲೆ ಶುರುವಾಯಿತು. ಅಕ್ಷರದ ನೆರಳು ಬೀಳದ ಹಟ್ಟಿಗಳ ಹುಡುಗಿಯರು ಓದು ಕಲಿತರು. ಜೊತೆಗೆ ಸೂಜಿ ದಾರ. ಮಾರ್ಥಾ ಮಾಲ್ಟ್ ಲೇಸು ಹೆಣೆಯೋದು ಕಲಿಸಿದರು. ಹುಡುಗಿಯರ ಕೈಗೆ ನಾಲ್ಕು ಕಾಸು ಬಂತು. ಮಿಷನ್ನಿನ ಹೆಂಗಸರೇ ಒಂದು ಸಡಿಲ ರವಿಕೆಯ ಮಾದರಿ ಮಾಡಿಕೊಟ್ಟರು. ಆ ರವಿಕೆ ಮೊದಲು ಬಂದದ್ದು ಶಾಲೆಯಿಂದ. ಅದನ್ನು ನಾವು ಮರೆಯಬಾರದು.

ಆದರೆ ಆ ರವಿಕೆ ಹೊಲಿದ ಮನಸ್ಸು ಯಾವುದು? ಪಾದ್ರಿಗಳ ಕಣ್ಣಿಗೆ ತೆರೆದ ಎದೆ ನಾಚಿಕೆಯ ಸಂಗತಿ, ಮುಚ್ಚಿದ ಎದೆ ಕ್ರೈಸ್ತ ಹೆಣ್ಣಿನ ಗುರುತು. ಹುಡುಗರಿಗೆ ಸೆಮಿನರಿ, ಓದು, ಉಪದೇಶಿಯ ಕೆಲಸ. ಹುಡುಗಿಯರಿಗೆ ಒಂದಿಷ್ಟು ಓದು, ಬಹಳಷ್ಟು ಹೊಲಿಗೆ, ಆಮೇಲೆ ಉಪದೇಶಿಯ ಮನೆ ತೂಗಿಸುವ ಹೆಂಡತಿಯ ಪಟ್ಟ. ಜಾತಿ ಹೆಣ್ಣಿನ ಮೈಯನ್ನು ಒಂದು ಅಳತೆಯಲ್ಲಿ ಕತ್ತರಿಸಿತ್ತು. ಶಾಲೆ ಇನ್ನೊಂದು ಅಳತೆ ಹಿಡಿದು ಬಂತು.

1812ರಿಂದ 1814ರ ನಡುವೆ ಹೊರಟ ಆದೇಶಗಳು ಏನಂದವು ನೋಡಿ. ಕ್ರೈಸ್ತರಾದ ನಾಡಾರ್ ಹೆಂಗಸರು ಸಿರಿಯನ್ ಕ್ರೈಸ್ತರಂತೆ, ಮಾಪಿಳ್ಳೆಯರಂತೆ ಕುಪ್ಪಸ ತೊಡಬಹುದು. ನಾಯರ್ ಹೆಂಗಸರಂತೆ ಮೇಲೊಂದು ಬಟ್ಟೆ ಹೊದೆಯುವಂತಿಲ್ಲ. ಮಾನ ಮುಚ್ಚೋದೇ ಬೇಕಾಗಿದ್ದರೆ ಕಥೆ ಇಲ್ಲಿಗೇ ಮುಗೀತಿತ್ತು. ಮುಗೀಲಿಲ್ಲ! ಆ ಹೆಂಗಸರು ರವಿಕೆ ತೊಟ್ಟರು, ಅದರ ಮೇಲೆ ಮೇಲುದವನ್ನೂ ಹೊದ್ದರು. ಮೈ ಮುಚ್ಚಲು ಮೊದಲ ಬಟ್ಟೆ ಸಾಕಿತ್ತು. ಎರಡನೆಯದು ಸಮ ನಿಲ್ಲೋದಕ್ಕೆ. ಅದನ್ನು ಶಾಲೆ ಹೊಲಿದು ಕೊಟ್ಟಿರಲಿಲ್ಲ, ದೊರೆಯೂ ಕೊಟ್ಟಿರಲಿಲ್ಲ. ಅವರೇ ತಗೊಂಡರು.

ಬೆಂಕಿ ಬಿದ್ದದ್ದು ಆ ಎರಡನೆಯ ಬಟ್ಟೆಗೆ. 1822ರಲ್ಲಿ ಹಲ್ಲೆ ಶುರುವಾಯಿತು. 1827ರಿಂದ 1829ರವರೆಗೆ ಸಂತೆಗಳಲ್ಲಿ ಹೆಂಗಸರ ಬಟ್ಟೆ ಹರಿದರು, ಪ್ರಾರ್ಥನಾ ಮಂದಿರಗಳನ್ನೂ ಶಾಲೆಗಳನ್ನೂ ಸುಟ್ಟರು. ಶಾಲೆಯನ್ನು ಯಾಕೆ ಸುಡಬೇಕು? ತಲೆ ಎತ್ತೋದನ್ನು ಕಲಿಸಿದ ಜಾಗ ಯಾವುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. 1829ರ ರಾಜಾಜ್ಞೆ ಮತ್ತೆ ಅದೇ ರಾಗ ಹಾಡಿತು: ರವಿಕೆ ಆಗಬಹುದು, ಮೇಲುದ ಕೂಡದು. ಮಿಷನ್ನಿನ ಹೊರಗೂ ಕಿಚ್ಚು ಹತ್ತಿತ್ತು. ಅಯ್ಯಾ ವೈಕುಂಠರ್ ತಮ್ಮ ಗಂಡಾಳುಗಳಿಗೆ ತಲೆಗೆ ಮುಂಡಾಸು ಸುತ್ತಲು ಹೇಳಿದರು. 1858ರ ಕೊನೆಗೆ ಗಲಭೆ ಮತ್ತೆ ಎದ್ದಿತು. ಮದರಾಸಿನ ಗವರ್ನರ್ ಟ್ರೆವೆಲಿಯನ್ ಒತ್ತಡ ಹಾಕಿದ ಮೇಲೆ 1859ರ ಜುಲೈ 26ರಂದು ದೊರೆ ಎದೆ ಮುಚ್ಚುವ ಹಕ್ಕನ್ನು ನಾಡಾರ್ ಹೆಂಗಸರೆಲ್ಲರಿಗೂ ಕೊಟ್ಟ. ಆಗಲೂ ಒಂದು ಬಾಲ ಉಳಿಸಿಕೊಂಡ. ಮೇಲ್ಜಾತಿ ಹೆಂಗಸರಂತೆ ಮಾತ್ರ ಉಡಬೇಡಿ!

ಗೆದ್ದದ್ದು ಎಲ್ಲರಿಗೂ ಹಂಚಿಕೆ ಆಗಲಿಲ್ಲ ಅನ್ನೋದನ್ನೂ ಬರೆದಿಡಬೇಕು. ಕೀಳು ಅಂತ ಗುರುತಿಸಲು ಕೊರಳಿಗೆ ಬಿಗಿದಿದ್ದ ಕಲ್ಲುಮಣಿ ಸರವನ್ನು ಪುಲಯ ಹೆಂಗಸರು ಕೊಲ್ಲಂ ಹತ್ತಿರದ ಪೆರಿನಾಡಿನಲ್ಲಿ ಕಿತ್ತೆಸೆಯಲು 1915 ಬರಬೇಕಾಯಿತು. ಅಯ್ಯಂಕಾಳಿ ಜೊತೆಗೆ ನಿಂತರು.

ಈ ಚರಿತ್ರೆ ನಮ್ಮ ಮಕ್ಕಳ ಪುಸ್ತಕದಲ್ಲಿ ಇತ್ತು. 9ನೇ ತರಗತಿಯ ಚರಿತ್ರೆಯಲ್ಲಿ ಉಡುಪಿನ ಬಗ್ಗೆ ಒಂದು ಅಧ್ಯಾಯ, ಅದರಲ್ಲಿ ಈ ಹೋರಾಟ. 2016ರಲ್ಲಿ ಸಿಬಿಎಸ್‌ಇ ಈ ಭಾಗದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬೇಡ ಅಂತು. 2019ರಲ್ಲಿ ಎನ್‌ಸಿಇಆರ್‌ಟಿ ಅಧ್ಯಾಯವನ್ನೇ ತೆಗೆದುಹಾಕಿತು. ಅಂದು ಸಂತೆಯಲ್ಲಿ ಬಟ್ಟೆ ಹರಿದರು, ಇಂದು ಹಾಳೆ ಹರಿದರು.

ಹಳ್ಳಿಯ ಮೇಷ್ಟ್ರುಗಳೇ, ಮೇಡಂಗಳೇ, ಪುಸ್ತಕದಲ್ಲಿ ಇಲ್ಲದಿದ್ದರೆ ಬಾಯಲ್ಲಿ ಹೇಳಿ. ಹೇಳುವಾಗ ಎರಡೂ ಹೇಳಿ. ಮಿಷನ್ ಶಾಲೆ ನಮ್ಮಂಥವರಿಗೆ ಬಾಗಿಲು ತೆರೆಯಿತು, ಆ ಋಣ ದೊಡ್ಡದು. ಅದೇ ಬಾಗಿಲಲ್ಲಿ ಹೆಣ್ಣು ಹೀಗೆ, ಗಂಡು ಹೀಗೆ ಅನ್ನುವ ಅಳತೆ ಪಟ್ಟಿಯೂ ನೇತು ಬಿದ್ದಿತ್ತು. ಋಣ ಇದೆ ಅಂತ ಅಳತೆಗೆ ಮೈ ಒಪ್ಪಿಸಬೇಕಾಗಿಲ್ಲ. ನಾಗರಕೋಯಿಲಿನ ಆ ಹೆಂಗಸರು ಒಪ್ಪಿಸಲಿಲ್ಲ. ಕೊಟ್ಟದ್ದನ್ನು ತೊಟ್ಟರು, ಕೊಡದೇ ಇದ್ದದ್ದನ್ನು ಹೊದ್ದರು.

ನಮ್ಮಜ್ಜಿ ಸಾಯುವ ತನಕ ರವಿಕೆ ತೊಡಲಿಲ್ಲ. ಅವ್ವ ತೊಟ್ಟಳು. ಅಕ್ಕ ಚಡ್ಡಿ ತೊಟ್ಟು ಓಡಬೇಕು ಅಂದಳು. ಮೂರು ತಲೆಮಾರಿನಲ್ಲಿ ನಮ್ಮ ಮನೆ ಹೆಣ್ಣುಮಕ್ಕಳು ಇಷ್ಟು ದೂರ ನಡೆದು ಬಂದಿದ್ದಾರೆ. ನಾಳೆ ನಿಮ್ಮ ತರಗತಿಯಲ್ಲಿ ಒಬ್ಬಳು ಹಾಗೆ ಬಂದು ನಿಂತರೆ, ಬೊಟ್ಟಿಟ್ಟ ಹುಡುಗನೊಬ್ಬ ಬಂದು ನಿಂತರೆ, ಬಿಸಿಲಿಗೆ ಕಳಿಸಬೇಡಿ. ಒಳಗೆ ಕೂರಿಸಿ ಪಾಠ ಶುರು ಮಾಡಿ.