ಹತ್ತು ನಿಮಿಷದ ಗಡುವು: ಹಿಮಕುಸಿತ ಮತ್ತು ಸ್ನೋಮೊಬೈಲ್ ಸುರಕ್ಷತೆ ನಡೆದುಬಂದ ದಾರಿ

ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಾಲ್ಕೂರ್ ಎಂಬ ಊರಿನಲ್ಲಿ 1934ರ ಚಳಿಗಾಲದಲ್ಲಿ ಎರಡು ವರ್ಷದ ಮಗುವೊಂದು ಅಪೆಂಡಿಸೈಟಿಸ್‌ನಿಂದ ತೀರಿಕೊಂಡಿತು. ರಸ್ತೆಗಳೆಲ್ಲ ಹಿಮದಲ್ಲಿ ಮುಚ್ಚಿಹೋಗಿದ್ದವು. ಆಸ್ಪತ್ರೆಗೆ ಒಯ್ಯಲು ವಾಹನವಿರಲಿಲ್ಲ. ಮಗುವಿನ ತಂದೆ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅದೇ ಊರಿನ ಗ್ಯಾರೇಜಿನ ಮೆಕ್ಯಾನಿಕ್. ಹಿಮದ ಮೇಲೆ ಓಡುವ ಗಾಡಿಯೊಂದನ್ನು ಮಾಡಬೇಕೆಂದು ಅವರು ಅದಕ್ಕೂ ಮೊದಲಿನಿಂದಲೇ ಪ್ರಯೋಗಗಳಲ್ಲಿ ತೊಡಗಿದ್ದರು. ಮಗು ಹೋದ ಮೇಲೂ ಆ ಕೆಲಸ ಬಿಡಲಿಲ್ಲ. 1937ರಲ್ಲಿ ಅವರ ಹಲ್ಲುಚಕ್ರ ಮತ್ತು ರಬ್ಬರ್ ಪಟ್ಟಿಯ ವ್ಯವಸ್ಥೆಗೆ ಪೇಟೆಂಟ್ ಸಿಕ್ಕಿತು. ವೈದ್ಯರು, ಅಂಚೆಯವರು, ಶಾಲಾಮಕ್ಕಳು ಓಡಾಡುವ ಹಿಮಬಸ್ಸುಗಳು ಆ ವ್ಯವಸ್ಥೆಯಿಂದಲೇ ಬಂದವು. 1959ರಲ್ಲಿ ಒಬ್ಬಿಬ್ಬರು ಕೂತು ಓಡಿಸುವ ಹಗುರವಾದ ‘ಸ್ಕೀ-ಡೂ’ ಮಾರುಕಟ್ಟೆಗೆ ಬಂತು. ಅತ್ತ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಕಾರ್ಲ್ ಎಲಿಯಾಸನ್ 1924ರಲ್ಲೇ ಮೋಟಾರು ಜೋಡಿಸಿದ ಹಿಮಗಾಡಿಯೊಂದನ್ನು ಮಾಡಿದ್ದರು. ಮಿನ್ನೆಸೋಟದ ಪೊಲಾರಿಸ್ ಕಂಪನಿ 1950ರ ದಶಕದಲ್ಲಿ ಇದೇ ಕ್ಷೇತ್ರಕ್ಕೆ ಇಳಿಯಿತು.

ಇವೆಲ್ಲ ಬಯಲುಸೀಮೆಯ ಯಂತ್ರಗಳು. ಹೆಪ್ಪುಗಟ್ಟಿದ ಕೆರೆ, ಕಾಡಿನ ದಾರಿ, ಹೊಲದಂಚು ಇಷ್ಟೇ ಅವುಗಳ ಓಡಾಟ. ಕಡಿದಾದ ಬೆಟ್ಟದ ಮೆತ್ತನೆಯ ಆಳ ಹಿಮದಲ್ಲಿ ಅವು ಹೂತುಹೋಗುತ್ತಿದ್ದವು. ಆ ದೌರ್ಬಲ್ಯವೇ ಸವಾರರನ್ನು ಕಾಯುತ್ತಿತ್ತು. 1990ರ ದಶಕದಿಂದ ಯಂತ್ರಗಳ ಪಟ್ಟಿ ಉದ್ದವಾಯಿತು, ಪಟ್ಟಿಯ ಮೇಲಿನ ಹಲ್ಲುಗಳು ಎತ್ತರವಾದವು, ಎಂಜಿನ್ ಬಲಿಯಿತು, ತೂಕ ಇಳಿಯಿತು. ಸ್ಕೀ ಹಾಕಿಕೊಂಡವರು ಅರ್ಧ ದಿನ ಏದುಸಿರು ಬಿಟ್ಟು ತಲುಪುತ್ತಿದ್ದ ಕಣಿವೆಗೆ ಹೊಸ ಸವಾರ ಅರ್ಧ ಗಂಟೆಯಲ್ಲಿ ಮುಟ್ಟತೊಡಗಿದ. ಆದರೆ ಆ ಅರ್ಧ ದಿನದ ನಡಿಗೆಯಲ್ಲಿ ಕಾಲಡಿಯ ಹಿಮವನ್ನು ಓದುವ ಅಭ್ಯಾಸವೊಂದು ತಾನಾಗಿ ಬೆಳೆಯುತ್ತಿತ್ತು. ಯಂತ್ರ ದೂರವನ್ನು ಕಡಿಮೆ ಮಾಡಿದಾಗ ಆ ಕಲಿಕೆಗೂ ಎಡೆ ಉಳಿಯಲಿಲ್ಲ. ಈ ಕ್ಷೇತ್ರದ ಮೂವತ್ತು ವರ್ಷಗಳ ಚರಿತ್ರೆ ಆ ಕೊರತೆಯನ್ನು ತುಂಬಿಕೊಳ್ಳುವ ಪ್ರಯತ್ನವೆಂದೇ ನನ್ನ ಎಣಿಕೆ.

ಹಿಮಕುಸಿತದ ವಿಜ್ಞಾನ ಮಾತ್ರ ಯಂತ್ರಕ್ಕಿಂತ ಹಳೆಯದು, ಅದರ ಬೇರು ದುರಂತಗಳಲ್ಲಿದೆ. 1910ರ ಮಾರ್ಚ್ 1ರಂದು ವಾಷಿಂಗ್ಟನ್ ರಾಜ್ಯದ ವೆಲಿಂಗ್ಟನ್‌ನಲ್ಲಿ ನಿಂತಿದ್ದ ರೈಲುಗಳ ಮೇಲೆ ಹಿಮ ಜಾರಿ 96 ಮಂದಿ ಸತ್ತರು. ಮೂರೇ ದಿನದ ನಂತರ ಕೆನಡಾದ ರೋಜರ್ಸ್ ಪಾಸ್‌ನಲ್ಲಿ ಒಂದು ಕುಸಿತದ ಹಿಮವನ್ನು ಹಳಿಯಿಂದ ತೆಗೆಯುತ್ತಿದ್ದ ಕೂಲಿಗಳ ಮೇಲೆ ಎದುರು ಬದಿಯಿಂದ ಇನ್ನೊಂದು ಕುಸಿತ ಬಿದ್ದು ಸುಮಾರು 60 ಮಂದಿ ಸತ್ತರು. ಅವರಲ್ಲಿ ಅರ್ಧದಷ್ಟು ಜಪಾನೀ ಕಾರ್ಮಿಕರು. ಸ್ವಿಟ್ಜರ್‌ಲ್ಯಾಂಡಿನ ದಾವೋಸ್‌ನಲ್ಲಿ 1930ರ ದಶಕದಲ್ಲಿ ಹಿಮದ ಪದರಗಳ ಅಧ್ಯಯನ ಆರಂಭವಾಯಿತು. ಎರಡನೇ ಮಹಾಯುದ್ಧದ ನಂತರ ಯೂಟಾದ ಆಲ್ಟಾದಲ್ಲಿ ಮಾಂಟಿ ಆಟ್‌ವಾಟರ್ ಎಂಬ ಅರಣ್ಯ ಇಲಾಖೆಯ ನೌಕರ ಸ್ಫೋಟಕ ಮತ್ತು ಫಿರಂಗಿಯಿಂದ ಹಿಮವನ್ನು ಮುಂಚೆಯೇ ಉರುಳಿಸುವ ಪದ್ಧತಿ ಬೆಳೆಸಿದರು. ಅಪಾಯದ ಇಳಿಜಾರಿನ ಕೆಳಗೆ ಜನ ಬಾರದಂತೆ ದಾರಿ ಮುಚ್ಚು, ಹಿಮವನ್ನು ಬೀಳಿಸು, ಮತ್ತೆ ದಾರಿ ತೆರೆ. ಸಂಬಳದ ತಜ್ಞರು ನಿಂತು ಕಾಯುವ ರಸ್ತೆಗೂ ಸ್ಕೀ ಮೈದಾನಕ್ಕೂ ಇದು ಸರಿ. ಯಾರೂ ಕಾಯದ ಒಳನಾಡಿನ ಬೆಟ್ಟದಲ್ಲಿ ಸವಾರನೇ ತಜ್ಞನಾಗಬೇಕು.

ಹಿಮ ಒಂದೇ ಸಲ ಬಿದ್ದ ರಾಶಿಯಲ್ಲ. ಪ್ರತಿ ಬಿರುಗಾಳಿಯೂ ಒಂದೊಂದು ಪದರ ಹಾಸುತ್ತದೆ. ಮೋಡವಿಲ್ಲದ ತಣ್ಣನೆಯ ರಾತ್ರಿಗಳಲ್ಲಿ ಮೇಲ್ಮೈಯಲ್ಲಿ ಗರಿಯಂಥ ಹಿಮಹರಳುಗಳು ಬೆಳೆಯುತ್ತವೆ. ಅವುಗಳ ಮೇಲೆ ಹೊಸ ಹಿಮ ಬಿದ್ದು ಗಟ್ಟಿಯಾದರೆ ರಾಗಿ ಕಾಳು ಹರಡಿ ಅದರ ಮೇಲೆ ಓರೆಯಾಗಿ ಕಲ್ಲುಚಪ್ಪಡಿ ಇಟ್ಟಂತಾಗುತ್ತದೆ. ಒಂದು ಕಡೆ ಒತ್ತಡ ಬಿದ್ದು ದುರ್ಬಲ ಪದರ ಕುಸಿದರೆ ಬಿರುಕು ಕ್ಷಣಾರ್ಧದಲ್ಲಿ ಇಡೀ ಇಳಿಜಾರಿಗೆ ಹರಡುತ್ತದೆ. 30ರಿಂದ 45 ಡಿಗ್ರಿಯ ಇಳಿಜಾರುಗಳಲ್ಲೇ ಇಂಥ ಕುಸಿತ ಹೆಚ್ಚು. ಸ್ನೋಮೊಬೈಲ್ ಸವಾರರಿಗೆ ಇಷ್ಟವಾಗುವುದೂ ಅದೇ ಇಳಿಜಾರು. ಇಂಥ ಪದರ ವಾರಗಟ್ಟಲೆ ಹುದುಗಿದ್ದು, ಹತ್ತು ಮಂದಿ ಸುರಕ್ಷಿತವಾಗಿ ಹತ್ತಿಳಿದ ಜಾಗದಲ್ಲೇ ಹನ್ನೊಂದನೆಯವನಿಗೆ ಮುರಿಯಬಹುದು. ಜೀವಹಾನಿಯಾದ ಬಹುಪಾಲು ಹಿಮಕುಸಿತಗಳನ್ನು ಎಬ್ಬಿಸಿದ್ದು ಸತ್ತವರು ಅಥವಾ ಅವರದೇ ತಂಡದವರು ಎಂಬುದು ಎಷ್ಟೋ ದೇಶಗಳ ದಾಖಲೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಹೂತವರನ್ನು ಹುಡುಕುವ ಬಗೆ ಬಹುಕಾಲ ಬದಲಾಗಲಿಲ್ಲ. ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿಕೊಂಡು ನಡೆಯುವುದು, ದಾರದ ತುದಿ ಹಿಮದ ಮೇಲೆ ಕಂಡೀತೆಂದು ನಂಬುವುದು. ಇಲ್ಲವೇ ಊರಿನಿಂದ ನಾಯಿಯನ್ನೂ ಕೋಲು ಹಿಡಿದ ಸಾಲನ್ನೂ ಕರೆತರುವುದು. ಅವರು ಬರುವ ಹೊತ್ತಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಶವ. ತಿರುವು ಬಂದದ್ದು 1968ರಲ್ಲಿ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಜಾನ್ ಲಾಟನ್ ‘ಸ್ಕಾಡಿ’ ಎಂಬ ಸಾಧನ ರೂಪಿಸಿದರು. ಎಲ್ಲರೂ ಮೈಮೇಲೆ ಧರಿಸುತ್ತಾರೆ, ಎಲ್ಲರದೂ ಸಂಕೇತ ಕಳಿಸುತ್ತಿರುತ್ತದೆ. ಯಾರಾದರೂ ಹೂತರೆ ಉಳಿದವರು ತಮ್ಮದನ್ನು ಆಲಿಸುವ ಸ್ಥಿತಿಗೆ ತಿರುಗಿಸಿ ಹುಡುಕುತ್ತಾರೆ. ಬೀಕನ್ ಎಂದು ಕರೆಯುವ ಈ ಸಾಧನ ಹೂತವರನ್ನು ಕಾಪಾಡುವ ಹೊಣೆಯನ್ನು ಊರಿನ ರಕ್ಷಣಾ ತಂಡದಿಂದ ಪಕ್ಕದಲ್ಲಿದ್ದ ಗೆಳೆಯನಿಗೆ ವರ್ಗಾಯಿಸಿತು. ನನಗೆ ಇಡೀ ಕ್ಷೇತ್ರದ ದೊಡ್ಡ ಮಜಲು ಇದೇ. ಮುಂದೆ ಬೇರೆ ಬೇರೆ ದೇಶಗಳ ತರಂಗಾಂತರಗಳು ಹೊಂದದೆ ಗೊಂದಲವಾಗಿ, 457 ಕಿಲೋಹರ್ಟ್ಸ್ ಎಲ್ಲರ ಮಾನದಂಡವಾಯಿತು. 1997ರಲ್ಲಿ ಮೊದಲ ಡಿಜಿಟಲ್ ಬೀಕನ್ ಬಂತು. ಕಿವಿಗೊಟ್ಟು ಶಬ್ದದ ಏರಿಳಿತ ಅಳೆಯುವ ಬದಲು ಪರದೆಯ ಬಾಣ ಮತ್ತು ಅಂಕಿ ನೋಡಿಕೊಂಡು ಸಾಮಾನ್ಯರೂ ಹುಡುಕುವಂತಾಯಿತು.

ಎಷ್ಟು ಬೇಗ ಹುಡುಕಬೇಕು? ಇದಕ್ಕೆ ಮೊದಲ ಸ್ಪಷ್ಟ ಉತ್ತರ 1994ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸ್ವಿಸ್ ದಾಖಲೆಗಳನ್ನು ಆಧರಿಸಿದ ಆ ಅಧ್ಯಯನದ ಪ್ರಕಾರ ಪೂರ್ತಿ ಹೂತವರಲ್ಲಿ ಮೊದಲ ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷಕ್ಕೆ ಅದು ಮೂರರಲ್ಲಿ ಒಬ್ಬರ ಮಟ್ಟಕ್ಕೆ ಕುಸಿಯುತ್ತದೆ. ಚಳಿ ಕೊಲ್ಲುವ ಮೊದಲೇ ಉಸಿರು ಕಟ್ಟುತ್ತದೆ. ಬಿಟ್ಟ ಉಸಿರಿನ ಆವಿ ಬಾಯಿಯ ಮುಂದಿನ ಹಿಮವನ್ನು ಕರಗಿಸುತ್ತದೆ, ಕರಗಿದ್ದು ಮತ್ತೆ ಹೆಪ್ಪುಗಟ್ಟುತ್ತದೆ, ಹೊರಬಿಟ್ಟ ಇಂಗಾಲದ ಡೈಆಕ್ಸೈಡೇ ಮತ್ತೆ ಒಳಹೋಗುತ್ತದೆ. 2011ರಲ್ಲಿ ಕೆನಡಾದ ಸಂಶೋಧಕರು ತಮ್ಮ ಲೆಕ್ಕ ಪ್ರಕಟಿಸಿದಾಗ ಅಲ್ಲಿನ ಗಡುವು ಇನ್ನೂ ಕಿರಿದು, ಹತ್ತೇ ನಿಮಿಷ ಎಂದು ತಿಳಿಯಿತು. ಅಲ್ಲಿ ಮರಗಳಿಗೆ ಬಡಿದು ಆಗುವ ಗಾಯಗಳು ಹೆಚ್ಚು, ಕರಾವಳಿಯ ಹತ್ತಿರದ ಹಿಮ ಭಾರ. 2024ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಹೆಚ್ಚಿನ ದಾಖಲೆಗಳನ್ನು ಮತ್ತೆ ಲೆಕ್ಕ ಹಾಕಿದಾಗ ಅಲ್ಲಿಯ ಗಡುವೂ ಹತ್ತು ನಿಮಿಷಕ್ಕೇ ಇಳಿಯಿತು. ಹೆಲಿಕಾಪ್ಟರ್ ಎಷ್ಟೇ ಬೇಗ ಹೊರಟರೂ ಈ ಹತ್ತು ನಿಮಿಷದಲ್ಲಿ ಬರಲಾರದು.

ಈ ಲೆಕ್ಕ ಓದುವ ಕನ್ನಡಿಗರಿಗೆ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನೆನಪಾಗದೆ ಇರಲಾರರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿದು ಹತ್ತು ಸೈನಿಕರು ಹೂತರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಅಲ್ಲದೆ ಹಾಸನ, ಮೈಸೂರು ಜಿಲ್ಲೆಗಳ ಯೋಧರೂ ಇದ್ದರು. ಆರನೇ ದಿನ, ಸುಮಾರು ಇಪ್ಪತ್ತೈದು ಅಡಿ ಹಿಮದಡಿಯಿಂದ ಹನುಮಂತಪ್ಪ ಜೀವಂತ ಸಿಕ್ಕರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹತ್ತು ನಿಮಿಷದ ಲೆಕ್ಕವನ್ನು ಆ ಆರು ದಿನ ಸುಳ್ಳು ಮಾಡುವುದಿಲ್ಲ. ಡೇರೆ, ಮನೆ, ವಾಹನದೊಳಗೆ ಸಿಕ್ಕಿದವರ ಸುತ್ತ ಗಾಳಿಯ ಪೊಳ್ಳು ಉಳಿಯುವ ಸಾಧ್ಯತೆಯಿದೆ, ಅಲ್ಲಿ ಉಸಿರು ದಕ್ಕುತ್ತದೆ. ತೆರೆದ ಇಳಿಜಾರಿನಲ್ಲಿ ಉರುಳಿಹೋದವನಿಗೆ ಅಂಥ ಪೊಳ್ಳು ಅಪರೂಪ. ಆದ್ದರಿಂದಲೇ ಹಿಮ ನಿಲ್ಲುವ ಕೊನೆಯ ಕ್ಷಣಗಳಲ್ಲಿ ಕೈಯನ್ನು ಮುಖದ ಮುಂದೆ ತಂದು ಒಂದಿಷ್ಟು ಜಾಗ ಮಾಡಿಕೊಳ್ಳಬೇಕೆಂದು ಎಲ್ಲ ತರಬೇತಿಗಳಲ್ಲೂ ಕಲಿಸುತ್ತಾರೆ.

ಬೀಕನ್ ಸ್ಥಳ ತೋರಿಸಿದರೆ ಮುಗಿಯಿತೇ? ಇಲ್ಲ. ಮಡಚುವ ಉದ್ದ ಕೋಲನ್ನು ಚುಚ್ಚಿ ಮೈ ಎಲ್ಲಿದೆ, ಎಷ್ಟು ಆಳದಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು, ಆಮೇಲೆ ಅಗೆಯಬೇಕು. ನಿಂತ ಹಿಮ ಬಿಗಿದು ಗಟ್ಟಿಯಾಗಿರುವುದರಿಂದ ಹೆಚ್ಚು ಸಮಯ ನುಂಗುವುದು ಅಗೆತವೇ. ನೇರ ಮೇಲಿನಿಂದ ಗುಂಡಿ ತೋಡಿದರೆ ಹೂತವನ ಮೇಲೇ ನಿಂತು ತುಳಿದಂತಾಗುತ್ತದೆ. ಕೋಲಿನ ಕೆಳಗಿನ ಇಳಿಜಾರಿನ ಬದಿಯಿಂದ ಅಡ್ಡಲಾಗಿ ಅಗೆದು, ಹಿಂದೆ ನಿಂತವರು ಹಿಮವನ್ನು ಹಿಂದಕ್ಕೆ ತಳ್ಳುತ್ತ ಸರದಿ ಬದಲಿಸುವ ಕ್ರಮ 2000ದ ದಶಕದ ಮಧ್ಯದಲ್ಲಿ ರೂಪುಗೊಂಡಿತು. ಸುದ್ದಿಯಾಗದ ಈ ಸುಧಾರಣೆಯನ್ನು ಎಷ್ಟು ಹೊಗಳಿದರೂ ಸಾಲದು.

ಹಿಡಿಕೆ ಎಳೆದರೆ ಉಬ್ಬುವ ಏರ್‌ಬ್ಯಾಗಿಗೆ ಸಿಕ್ಕ ಹೆಸರು ಸಲಿಕೆಗೆ ಸಿಗಲಿಲ್ಲ. ಬವೇರಿಯಾದ ಅರಣ್ಯಾಧಿಕಾರಿಯೊಬ್ಬರು ಬೇಟೆಯನ್ನು ಹೆಗಲ ಮೇಲೆ ಹೊತ್ತಾಗ ಹಿಮಕುಸಿತದಲ್ಲಿ ತಾವು ಮೇಲೇ ಉಳಿದದ್ದನ್ನು ಗಮನಿಸಿದರು. ಆ ಕಲ್ಪನೆಯನ್ನು ಪೀಟರ್ ಅಶೌರ್ ಕೊಂಡುಕೊಂಡು 1980ರ ದಶಕದಲ್ಲಿ ಬೆನ್ನುಚೀಲವಾಗಿ ಬೆಳೆಸಿದರು. ಬೇರೆ ಬೇರೆ ಗಾತ್ರದ ಕಣಗಳು ಕದಡಿ ಹರಿಯುವಾಗ ದೊಡ್ಡವು ಮೇಲಕ್ಕೆ ಬರುತ್ತವೆ ಎಂಬುದೇ ಅದರ ಹಿಂದಿನ ಭೌತಶಾಸ್ತ್ರ. 2014ರ ಅಧ್ಯಯನವೊಂದು ಗಂಭೀರ ಅಪಾಯಕ್ಕೆ ಸಿಕ್ಕವರ ಸಾವಿನ ಪ್ರಮಾಣವನ್ನು ಉಬ್ಬಿದ ಚೀಲ ಶೇ 22ರಿಂದ 11ಕ್ಕೆ ಇಳಿಸುತ್ತದೆ ಎಂದು ಅಂದಾಜಿಸಿತು. ಐದರಲ್ಲೊಂದು ಸಲ ಚೀಲ ಉಬ್ಬಲೇ ಇಲ್ಲ, ಅದರಲ್ಲೂ ಹೆಚ್ಚಿನ ಸಲ ಧರಿಸಿದವರು ಹಿಡಿಕೆ ಎಳೆದಿರಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು. ಮರಕ್ಕೋ ಬಂಡೆಗೋ ಬಡಿದರೆ, ಕಿರಿದಾದ ಕೊರಕಲಿಗೆ ಬಿದ್ದರೆ ಚೀಲವೂ ಕೈಚೆಲ್ಲುತ್ತದೆ. ಕೆನಡಾದಲ್ಲಿ ಹಿಮಕುಸಿತದ ಸಾವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಪೆಟ್ಟುಗಳೇ ಕಾರಣ.

ಸ್ನೋಮೊಬೈಲ್ ಈ ಎಲ್ಲಕ್ಕೂ ತನ್ನದೇ ತೊಡಕು ಸೇರಿಸುತ್ತದೆ. ಇನ್ನೂರು ಕಿಲೋ ಮೀರುವ ಯಂತ್ರ ಸ್ಕೀಗಿಂತ ಆಳದ ಪದರಕ್ಕೆ ಒತ್ತಡ ಮುಟ್ಟಿಸಬಲ್ಲದು. ಹಿಮದ ಪದರ ಕುಸಿಯುವಾಗಿನ ‘ಧುಪ್’ ಸದ್ದು ಎಂಜಿನ್ ಗದ್ದಲದಲ್ಲಿ ಕೇಳುವುದಿಲ್ಲ. ಇಳಿಜಾರಿನಲ್ಲಿ ಯಾರು ಹೆಚ್ಚು ಎತ್ತರಕ್ಕೆ ಗೆರೆ ಎಳೆದು ತಿರುಗುತ್ತಾರೆಂಬ ಪೈಪೋಟಿ, ಅಂದರೆ ಹೈಮಾರ್ಕಿಂಗ್, ಯಂತ್ರವನ್ನು ಅತ್ಯಂತ ಅಪಾಯದ ಜಾಗಕ್ಕೇ ಒಯ್ಯುತ್ತದೆ. ಅಲ್ಲಿ ಒಬ್ಬ ಸಿಕ್ಕಿಬಿದ್ದರೆ ಗೆಳೆಯ ನೆರವಿಗೆ ಏರುತ್ತಾನೆ. ಒಂದೇ ಇಳಿಜಾರಿನ ಮೇಲೆ ಎರಡು ಯಂತ್ರ, ಇಬ್ಬರು ಮನುಷ್ಯರು. ಕೆಳಗೆ ಉಳಿದವರು ಗಾಡಿ ನಿಲ್ಲಿಸಿ ನೋಡುತ್ತಿರುವುದು ಹಿಮ ಬಂದು ಬೀಳುವ ಜಾಗದಲ್ಲೇ.

2008ರ ಡಿಸೆಂಬರ್ 28ರಂದು ಬ್ರಿಟಿಷ್ ಕೊಲಂಬಿಯಾದ ಫರ್ನಿ ಬಳಿಯ ಹಾರ್ವಿ ಪಾಸ್‌ನಲ್ಲಿ ಹನ್ನೊಂದು ಸವಾರರಿದ್ದರು, ಬಹುಪಾಲು ಪಕ್ಕದ ಗಣಿ ಊರಾದ ಸ್ಪಾರ್‌ವುಡ್‌ನವರು. ಮೊದಲ ಕುಸಿತದಲ್ಲಿ ಏಳು ಮಂದಿ ಹೂತರು. ಉಳಿದ ನಾಲ್ವರು ಓಡಿಬಂದು ಅಗೆಯುತ್ತಿದ್ದಾಗ ಇನ್ನೊಂದು ಕುಸಿತ ಅವರನ್ನೂ ಮುಚ್ಚಿತು. ಇಬ್ಬರು ತಾವೇ ಹೊರಬಂದು ಮೂರನೆಯವರನ್ನು ತೆಗೆದರು. ಬೆಟ್ಟ ಮತ್ತೆ ಜಾರುವ ಸೂಚನೆ ಕಂಡು, ಎಂಟು ಗೆಳೆಯರನ್ನು ಹಿಮದಡಿಯೇ ಬಿಟ್ಟು ಹೊರಡಬೇಕಾಯಿತು. ಆ ಎಂಟು ಮಂದಿಯೂ ಉಳಿಯಲಿಲ್ಲ. ಗೆಳೆಯನೇ ರಕ್ಷಕ ಎಂಬ ಬೀಕನ್ನಿನ ಪಾಠಕ್ಕೆ ಹಾರ್ವಿ ಪಾಸ್ ಇನ್ನೊಂದು ಸಾಲು ಸೇರಿಸಿತು: ಎಲ್ಲರೂ ಒಂದೇ ಇಳಿಜಾರಿನ ಕೆಳಗಿದ್ದರೆ ರಕ್ಷಕನೇ ಉಳಿಯುವುದಿಲ್ಲ. ಆ ಚಳಿಗಾಲ ಕೆನಡಾದಲ್ಲಿ 26 ಮಂದಿ ಹಿಮಕುಸಿತಕ್ಕೆ ಬಲಿಯಾದರು, ಹೆಚ್ಚಿನವರು ಸ್ನೋಮೊಬೈಲ್ ಸವಾರರು. ಮರು ಚಳಿಗಾಲದಲ್ಲಿ, 2010ರ ಮಾರ್ಚ್ 13ರಂದು, ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಬೆಟ್ಟದಲ್ಲಿ ನೂರಾರು ಸವಾರರು ನೆರೆದಿದ್ದ ಕೂಟದ ಮೇಲೆ ಹಿಮ ಜಾರಿ ಇಬ್ಬರು ಸತ್ತು ಮೂವತ್ತರಷ್ಟು ಮಂದಿ ಗಾಯಗೊಂಡರು.

ಸಂಸ್ಥೆಗಳು ಅಷ್ಟರಲ್ಲಿ ಎಚ್ಚೆತ್ತಿದ್ದವು. 2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಬಳಿ ಶಾಲಾ ಪ್ರವಾಸಕ್ಕೆ ಬಂದ ಏಳು ವಿದ್ಯಾರ್ಥಿಗಳು ಸತ್ತದ್ದು ಇಡೀ ಕೆನಡಾವನ್ನು ಅಲುಗಿಸಿತ್ತು. 2004ರಲ್ಲಿ, ಇಂದು ‘ಅವಲಾಂಚ್ ಕೆನಡಾ’ ಎಂದು ಕರೆಯುವ ಸಂಸ್ಥೆ ಹುಟ್ಟಿತು. ಅದೇ ವರ್ಷ ರಾಷ್ಟ್ರೀಯ ಉದ್ಯಾನ ಇಲಾಖೆ ಬೆಟ್ಟದ ಜಾಗಗಳನ್ನು ಸರಳ, ಕಠಿಣ, ಜಟಿಲ ಎಂದು ಮೂರಾಗಿ ವಿಂಗಡಿಸಿತು. ಹಿಮದ ಸ್ಥಿತಿ ದಿನಕ್ಕೊಂದು ಬಗೆ, ನೆಲದ ಆಕಾರ ಬದಲಾಗುವುದಿಲ್ಲ. ಅದನ್ನು ಮನೆಯಲ್ಲೇ ಕೂತು ನಕ್ಷೆಯಲ್ಲಿ ಓದಬಹುದು. ಇದೇ ಹೊತ್ತಿಗೆ ಅಮೆರಿಕದ ಇಯಾನ್ ಮೆಕ್ಯಾಮನ್ 1972ರಿಂದ 2003ರವರೆಗಿನ 715 ಅಪಘಾತಗಳನ್ನು ಪರಿಶೀಲಿಸಿ, ತರಬೇತಿ ಪಡೆದವರೂ ಕಣ್ಣಿಗೆ ಕಾಣುವ ಸೂಚನೆಗಳನ್ನು ದಾಟಿ ಹೋಗಿದ್ದಾರೆಂದು ತೋರಿಸಿದರು. ಪರಿಚಿತ ಜಾಗದ ಭರವಸೆ, ಇತರರ ಎದುರು ಚೆನ್ನಾಗಿ ಕಾಣುವ ಆಸೆ, ತಂಡದಲ್ಲಿ ಬಲ್ಲವನೊಬ್ಬನಿದ್ದಾನೆಂಬ ನಂಬಿಕೆ, ಯಾರೂ ಮುಟ್ಟದ ಹಿಮದ ಸೆಳೆತ ಇವು ಆ ದಾರಿ ತಪ್ಪಿಸುವ ಬಲೆಗಳು. ಬೀಕನ್ ನಂತರದ ಎರಡನೇ ದೊಡ್ಡ ಮಜಲು ಇದು: ಗಮನ ಹಿಮದಿಂದ ಮನುಷ್ಯನ ಕಡೆಗೆ ತಿರುಗಿತು.

ಇಂದು ಸವಾರರಿಗೆ ಹೇಳಿಕೊಡುವ ಪಾಠದಲ್ಲಿ ಈ ಎರಡೂ ಬೆರೆತಿವೆ. ಐದು ಹಂತದ ಅಪಾಯ ಸೂಚಿಯನ್ನು ಹೊರಡುವ ಮುನ್ನ ನೋಡಬೇಕು. ಮೂರನೇ ಹಂತ ಮಧ್ಯದ್ದೆಂದು ಹಗುರವಾಗಿ ತೆಗೆದುಕೊಳ್ಳಬಾರದು, ಎಷ್ಟೋ ಸಾವುಗಳು ಆ ಹಂತದ ದಿನಗಳಲ್ಲೇ ಆಗಿವೆ. ಇಳಿಜಾರಿಗೆ ಒಂದು ಸಲಕ್ಕೆ ಒಬ್ಬರೇ. ಉಳಿದವರು ಹಿಮ ಬಂದು ನಿಲ್ಲುವ ಜಾಗದಿಂದ ದೂರ, ಯಂತ್ರದ ಮೂತಿಯನ್ನು ಹೊರದಾರಿಗೆ ತಿರುಗಿಸಿ ಕಾಯಬೇಕು. ಸಿಕ್ಕಿಬಿದ್ದವನು ತಾನೇ ಯಂತ್ರ ಬಿಡಿಸಿಕೊಳ್ಳಲಿ. ಬೀಕನ್, ಕೋಲು, ಸಲಿಕೆ ಗಾಡಿಯ ಡಿಕ್ಕಿಯಲ್ಲಿರದೆ ಮೈಮೇಲಿರಬೇಕು, ಏಕೆಂದರೆ ಯಂತ್ರವೂ ಸವಾರನೂ ಬೇರೆಬೇರೆ ಕಡೆ ಹೂತುಹೋಗಬಹುದು. ಮೊಬೈಲ್ ಫೋನ್ ಬೀಕನ್ನಿನಿಂದ ಸಂಕೇತ ಕಳಿಸುವಾಗ 20, ಹುಡುಕುವಾಗ 50 ಸೆಂಟಿಮೀಟರ್ ದೂರವಿರಲಿ. ಹುಡುಕಾಟ ಶುರುವಾದೊಡನೆ ಎಂಜಿನ್‌ಗಳನ್ನು ಆರಿಸಬೇಕು. ಹಿಮ ಜಾರತೊಡಗಿದರೆ ಆಕ್ಸಿಲರೇಟರ್ ಒತ್ತಿ ಪಕ್ಕಕ್ಕೆ ಪಾರಾಗಲು ನೋಡಬೇಕು, ಆಗದಿದ್ದರೆ ಏರ್‌ಬ್ಯಾಗಿನ ಹಿಡಿಕೆ ಎಳೆದು ಯಂತ್ರದ ಮೇಲಿನ ಆಸೆ ಬಿಡಬೇಕು.

ಭಾರತದಲ್ಲಿ ಈ ವಿಜ್ಞಾನ ಸೈನ್ಯದ ಅಗತ್ಯದಿಂದ ಬೆಳೆಯಿತು. 1969ರಲ್ಲಿ ಮನಾಲಿಯಲ್ಲಿ ಸ್ಥಾಪನೆಯಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಡಿಆರ್‌ಡಿಒದ ಮತ್ತೊಂದು ಪ್ರಯೋಗಾಲಯದೊಡನೆ ಸೇರಿತು. ಸಿಯಾಚಿನ್‌ನಲ್ಲಿ ಸಾಮಾನು ಸಾಗಿಸುವ ಸೈನಿಕರ ಸ್ನೋ ಸ್ಕೂಟರ್‌ಗಳು ಬೊಂಬಾರ್ಡಿಯೆಯವರ ಮೂಲ ಉದ್ದೇಶಕ್ಕೆ ಇಂದಿಗೂ ಹತ್ತಿರ. ಗುಲ್ಮಾರ್ಗಿಗೆ ಹೋಗುವ ನಮ್ಮ ಪ್ರವಾಸಿಗರು ಏರುವ ಯಂತ್ರ ಬಹುಪಾಲು ಬಯಲಿನಲ್ಲೇ ಓಡುತ್ತದೆ. ವ್ಯಾಂಕೂವರ್, ಕ್ಯಾಲ್ಗರಿ, ಸಿಯಾಟಲ್‌ಗಳಲ್ಲಿ ನೆಲೆಸಿ ವಾರಾಂತ್ಯಕ್ಕೆ ಬಾಡಿಗೆ ಯಂತ್ರ ಹಿಡಿದು ಬೆಟ್ಟಕ್ಕೆ ಹೊರಡುವ ಕನ್ನಡಿಗರ ಮಾತು ಬೇರೆ: ಅವರು ಎರಡು ದಿನದ ಮೊದಲ ಹಂತದ ತರಬೇತಿ ಮುಗಿಸಿಯೇ ಹೋಗಲಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ. ಪಶ್ಚಿಮ ಕೆನಡಾದ ಎಷ್ಟೋ ಕಡೆ ದಾರಿ ಶುರುವಾಗುವಲ್ಲೇ ಬೀಕನ್ ತಪಾಸಣೆಯ ಫಲಕಗಳಿವೆ. ಸಂಕೇತ ಬರುತ್ತಿದ್ದರೆ ದೀಪ ಬೆಳಗುತ್ತದೆ. ಸಲಿಕೆ ಬೆನ್ನಿಗಿದೆಯೇ, ಇವತ್ತಿನ ಸೂಚಿಯನ್ನು ಯಾರು ಓದಿದ್ದಾರೆ, ಯಾವ ಇಳಿಜಾರನ್ನು ಬಿಟ್ಟುಬಿಡೋಣ ಎಂಬುದನ್ನು ಮಾತ್ರ ಆ ಫಲಕದ ಮುಂದೆ ನಿಂತ ತಂಡದವರೇ ಒಬ್ಬರನ್ನೊಬ್ಬರು ಕೇಳಿ ತೀರ್ಮಾನಿಸಬೇಕು.