ಅಣುವನ್ನು ಕಾಣುವ ತಂತ್ರಾಂಶ: ಕೇಳಿ ಪಡೆದ ಸೌಲಭ್ಯಗಳ ಕಥೆ

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ಕಡೆಯವರಿಗೆ ಮರದ ಗೊಂಬೆಗಳು ಹೊಸವಲ್ಲ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಗುಂಡುಗಳನ್ನು ಕಡ್ಡಿಗಳಿಂದ ಜೋಡಿಸಿದರೆ ಅಣುವಿನ ಮಾದರಿ ಸಿದ್ಧ. ಇಂಗಾಲಕ್ಕೆ ಕಪ್ಪು, ಆಮ್ಲಜನಕಕ್ಕೆ ಕೆಂಪು, ಸಾರಜನಕಕ್ಕೆ ನೀಲಿ, ಜಲಜನಕಕ್ಕೆ ಬಿಳಿ. ನೀರಿನ ಅಣುವಿಗೆ ಮೂರು ಗುಂಡು ಸಾಕು. ಸಾವಿರಾರು ಪರಮಾಣುಗಳಿರುವ ಪ್ರೋಟೀನಿಗೆ ಏನು ಮಾಡುವಿರಿ?

ಇಂಗ್ಲೆಂಡಿನ ಜಾನ್ ಕೆಂಡ್ರ್ಯೂ ಮಯೋಗ್ಲೋಬಿನ್ ಎಂಬ ಪ್ರೋಟೀನಿನ ಮಾದರಿಯನ್ನು ಸಾವಿರಾರು ಲಂಬ ಸರಳುಗಳ ನಡುವೆ ಕಟ್ಟಬೇಕಾಯಿತು. ಆ ಕಾಲದಲ್ಲೇ, 1963ರಲ್ಲಿ, ಮದರಾಸು ವಿಶ್ವವಿದ್ಯಾಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಸರಳವಾದ ಒಂದು ಪ್ರಶ್ನೆ ಕೇಳಿದರು: ಪರಮಾಣುಗಳು ಗಟ್ಟಿ ಗುಂಡುಗಳಾಗಿದ್ದು ಒಂದರೊಳಗೊಂದು ನುಗ್ಗಲಾರವು ಎಂದಾದರೆ, ಪ್ರೋಟೀನಿನ ಸರಪಳಿ ಎಷ್ಟು ಬಗೆಯಲ್ಲಿ ತಿರುಗಬಲ್ಲದು? ಫೈ ಮತ್ತು ಸೈ ಎಂಬ ಎರಡು ಕೋನಗಳ ನಕ್ಷೆಯಲ್ಲಿ ಸ್ವಲ್ಪ ಭಾಗ ಮಾತ್ರ ಸಾಧ್ಯವೆಂದು ತಿಳಿಯಿತು. ಅದೇ ರಾಮಚಂದ್ರನ್ ನಕ್ಷೆ. ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು.

1971ರಲ್ಲಿ ಪ್ರೋಟೀನ್ ಡೇಟಾ ಬ್ಯಾಂಕ್ ಆರಂಭವಾದಾಗ ಅದರಲ್ಲಿದ್ದುದು ಕೇವಲ 7 ರಚನೆಗಳು. ಇಂದು ಎರಡು ಲಕ್ಷಕ್ಕೂ ಹೆಚ್ಚು. ಇವನ್ನು ನೋಡಲು ಬಹಳ ಕಾಲ ದುಬಾರಿ ಗಣಕಗಳೇ ಬೇಕಾಗಿದ್ದವು. ರೋಜರ್ ಸೇಲ್ 1993ರಲ್ಲಿ ಬಿಡುಗಡೆ ಮಾಡಿದ ರಾಸ್‌ಮೋಲ್ ಈ ಅಡ್ಡಿಯನ್ನು ಒಡೆಯಿತು. ಸಾಧಾರಣ ಗಣಕದಲ್ಲೂ ಗುಂಡುಗಳನ್ನು ವೇಗವಾಗಿ ಬಿಡಿಸುವ ಲೆಕ್ಕಾಚಾರ ಅದರ ಗುಟ್ಟು. ಅದಕ್ಕಿಂತ ಮುಖ್ಯವಾಗಿ, ಸೇಲ್ ಅದರ ಆಕರ ಸಂಕೇತವನ್ನೂ ಎಲ್ಲರಿಗೂ ಕೊಟ್ಟರು.

ಆಗ ಏನಾಯಿತೆಂಬುದನ್ನು ಗಮನಿಸಿ. ಒಂದೇ ಪರದೆಯಲ್ಲಿ ಹಲವು ಅಣುಗಳನ್ನು ಇಟ್ಟು ಬೇರೆಬೇರೆಯಾಗಿ ತಿರುಗಿಸಬೇಕು ಎಂಬ ಅಗತ್ಯ ಬಳಕೆದಾರರಿಗೆ ಬಂತು. ಬರ್ಕ್ಲಿಯಲ್ಲಿ ಆ ಸೌಲಭ್ಯವಿರುವ ಆವೃತ್ತಿ ಸಿದ್ಧವಾಯಿತು. ಹೀಗೆ ಕವಲೊಡೆದ ಆವೃತ್ತಿಗಳನ್ನು ಹರ್ಬರ್ಟ್ ಬರ್ನ್‌ಸ್ಟೈನ್ ಮತ್ತೆ ಒಂದುಗೂಡಿಸಿದರು. ಜೆಮೋಲ್‌ನ ಕಥೆಯೂ ಇದೇ. ರಾಸ್‌ಮೋಲ್ ಆದೇಶಗಳನ್ನು ಕಲಿತಿದ್ದ ಅಧ್ಯಾಪಕರ ಅನುಕೂಲಕ್ಕಾಗಿ ಆ ಆದೇಶಗಳು ಅದರಲ್ಲಿ ಸೇರಿದವು. ಜಾವಾ ಇಲ್ಲದೆಯೂ ಚಿತ್ರ ಕಾಣಲೆಂದು 2013ರ ಹೊತ್ತಿಗೆ ಜೆಎಸ್‌ಮೋಲ್ ಬಂತು. ಇಂದು ಜೆಮೋಲ್‌ನಲ್ಲಿ ರಾಮಚಂದ್ರನ್ ನಕ್ಷೆ ಬಿಡಿಸುವ ಆದೇಶವೂ ಇದೆ.

ವಾರೆನ್ ಡಿಲಾನೊ ರಚಿಸಿದ ಪೈಮೋಲ್ ಇನ್ನೊಂದು ಪಾಠ ಹೇಳುತ್ತದೆ. 2009ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. 2010ರಲ್ಲಿ ಪೈಮೋಲ್ ಶ್ರೋಡಿಂಗರ್ ಕಂಪನಿಯ ಕೈಸೇರಿತು. ಆದರೂ ಅದರ ಮುಕ್ತ ಆವೃತ್ತಿ ಉಳಿದುಕೊಂಡಿದೆ. ಆಕರ ಸಂಕೇತ ತೆರೆದಿದ್ದರೆ ಕರ್ತೃವಿನ ನಂತರವೂ ಕೆಲಸ ಮುಂದುವರಿಯಬಲ್ಲದು.

ಹಾಗಾದರೆ ನೀವೇನು ಮಾಡಬಹುದು? ಅಳದ ಮಗುವಿಗೆ ತಾಯಿಯೂ ಹಾಲುಣಿಸುವುದಿಲ್ಲ ಎನ್ನುತ್ತಾರೆ. ಹೊಸ ಸೌಲಭ್ಯ ಬೇಕಿದ್ದರೆ ಕೇಳಲೇಬೇಕು, ಆದರೆ ಕೇಳುವುದಕ್ಕೂ ಒಂದು ಕ್ರಮವಿದೆ. ಅದು ಈಗಾಗಲೇ ಬೇರೆ ಆದೇಶದ ರೂಪದಲ್ಲಿ ಇದೆಯೇ ಎಂದು ಮೊದಲು ನೋಡಿ. 'ಇಲ್ಲೊಂದು ಗುಂಡಿ ಬೇಕು' ಎನ್ನುವ ಬದಲು ನೀವು ಯಾವ ಕೆಲಸ ಮಾಡಹೊರಟಿದ್ದಿರಿ, ಎಲ್ಲಿ ತಡೆಯಾಯಿತು ಎಂಬುದನ್ನು ಬರೆಯಿರಿ. ತಂತ್ರಾಂಶದ ಆವೃತ್ತಿ ಸಂಖ್ಯೆ ಹಾಗೂ ಒಂದು ಚಿಕ್ಕ ಮಾದರಿ ಕಡತವನ್ನು ಜೊತೆಗಿಡಿ. ಒಂದು ಪತ್ರದಲ್ಲಿ ಒಂದೇ ಕೋರಿಕೆಯಿರಲಿ. ಸಿದ್ಧವಾದ ಮೇಲೆ ಪರೀಕ್ಷಿಸಿ ಕೊಡುತ್ತೇನೆ ಎನ್ನಿ. ಏಕೆಂದರೆ ಅತ್ತ ಕಡೆ ಇರುವವರಲ್ಲಿ ಬಹುಮಂದಿ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು.

ಕೆಂಪು ಹಸಿರುಗಳ ಭೇದ ಕಾಣದ ವಿದ್ಯಾರ್ಥಿಗೆ ಬೇರೆ ಬಣ್ಣಗಳು ಬೇಕು; ಹಳ್ಳಿಯ ಶಾಲೆಯ ಹಳೆಯ ಗಣಕಕ್ಕೆ ಹಗುರವಾದ ಆವೃತ್ತಿ ಬೇಕು; ಪರದೆಯ ಮೇಲಿನ ಸೂಚನೆಗಳು ಕನ್ನಡದಲ್ಲಿ ಬೇಕು. ಇವೆಲ್ಲ ನ್ಯಾಯವಾದ ಕೋರಿಕೆಗಳೇ. ಆದರೆ ಇಂಥ ಅಗತ್ಯಗಳು ದೂರದೇಶದ ತಂತ್ರಾಂಶಕಾರನಿಗೆ ತಾವಾಗಿ ಹೊಳೆಯಲಾರವು. ಅವುಗಳನ್ನು ತಿಳಿದಿರುವವರು ನೀವು. ಬರೆದು ಕೇಳಬೇಕಾದವರೂ ನೀವೇ.